ಕೊನೆಯ ಸೀಟಿ

ಆಟದ ನಿಯಮಗಳೇ ಸರಿಯಾಗಿ ತಿಳಿಯದವನು ಆ ಆಟದ ಚಲಚ್ಚಿತ್ರ ನೋಡಿ ಕಣ್ಣೊರೆಸಿಕೊಳ್ಳುವುದುಂಟೆ? ಉಂಟು ಎಂದು ನಾನು ಧೈರ್ಯವಾಗಿ ಹೇಳಬಲ್ಲೆ. ಅಮೆರಿಕದವರು ಫುಟ್‌ಬಾಲ್ ಎಂದು ಕರೆಯುವ ಆಟ ನನ್ನ ಪಾಲಿಗೆ ಇಂದಿಗೂ ಅರ್ಧ ಬಿಡಿಸಿದ ಒಗಟು. ಹೆಸರಿನಲ್ಲಿ ಕಾಲಿದೆ, ಆಟವೆಲ್ಲ ಬಹುಮಟ್ಟಿಗೆ ಕೈಯಲ್ಲಿ. ಚೆಂಡೋ, ದುಂಡಗಿರದೆ ಎರಡು ತುದಿಗಳಲ್ಲಿ ಚೂಪಾಗಿದೆ. ತಲೆಗೆ ಶಿರಸ್ತ್ರಾಣ, ಹೆಗಲಿಗೆ ಕವಚ ತೊಟ್ಟ ಹನ್ನೊಂದು ಮಂದಿ ಎದುರಿನ ಹನ್ನೊಂದು ಮಂದಿಯ ಮೇಲೆ ಬೀಳುತ್ತಾರೆ. ನಾಲ್ಕು ಪ್ರಯತ್ನಗಳೊಳಗೆ ಹತ್ತು ಗಜ ಮುಂದೆ ಸರಿದರೆ ಮತ್ತೆ ನಾಲ್ಕು ಪ್ರಯತ್ನ. ಇಲ್ಲವಾದರೆ ಚೆಂಡು ಎದುರಾಳಿಯ ಪಾಲು. ನನಗೆ ತಿಳಿದದ್ದು ಇಷ್ಟೆ. ಮರುಗುವುದಕ್ಕೆ ಇಷ್ಟು ಸಾಕು. ಚಕ್ರವ್ಯೂಹದ ರಚನೆಯನ್ನು ಪೂರ್ತಿ ಅರಿತ ಮೇಲೆಯೇ ಅಭಿಮನ್ಯುವಿಗಾಗಿ ಅಳಬೇಕೆಂದಿದ್ದರೆ ನಮ್ಮಲ್ಲಿ ಅಳುವವರು ಯಾರು ಉಳಿಯುತ್ತಿದ್ದರು?

ಈ ರುಚಿಯನ್ನು ನನಗೆ ಹತ್ತಿಸಿದವನು ನನ್ನ ಅಕ್ಕನ ಮಗ. ಟೆಕ್ಸಾಸಿನಲ್ಲಿ ಓದುತ್ತಿರುವ ಅವನು ರಜೆಗೆ ಬಂದಾಗ ಹೈಸ್ಕೂಲು ಫುಟ್‌ಬಾಲಿನ ಚಿತ್ರಗಳನ್ನು ಒಂದರ ಹಿಂದೊಂದು ತೋರಿಸಿದ. ಸಂಜೆಯ ಕಾಫಿಗೆ ಬರುವ ನಮ್ಮ ಕಾಲೇಜಿನ ಇಂಗ್ಲಿಷ್ ಅಧ್ಯಾಪಕರೂ ಜೊತೆಗೂಡಿದರು. ಅಲ್ಲಿಂದ ಯಾವ ಚಿತ್ರ ಹೆಚ್ಚು ಮನ ಕಲಕುತ್ತದೆ ಎಂಬ ವ್ಯಾಜ್ಯ ಹತ್ತಿಕೊಂಡಿತು. "ಮಾವ, ಗೆದ್ದರೆ ತಾನೆ ಎದೆ ತುಂಬುವುದು?" ಎಂದು ಹುಡುಗ. "ಗೆದ್ದವರಿಗೆ ಮೆರವಣಿಗೆ ಇದೆಯಪ್ಪ, ಸೋತವರಿಗೆ ಕಥೆಯಾದರೂ ಬೇಡವೆ? ಏನಂತೀರಿ?" ಎಂದು ನನ್ನ ಕಡೆ ತಿರುಗಿ ಮಿತ್ರರು. ಕನ್ನಡ ಪಾಠ ಹೇಳುವವನೆಂಬ ಒಂದೇ ಕಾರಣಕ್ಕೆ ತೀರ್ಪುಗಾರನ ಪೀಠ ನನಗೆ ಬಂದಿತು.

ಹುಡುಗನ ಕಕ್ಷಿ 2000ದಲ್ಲಿ ಬಂದ 'ರಿಮೆಂಬರ್ ದಿ ಟೈಟನ್ಸ್'. ಕಥೆ ನಡೆಯುವುದು 1971ರಲ್ಲಿ, ವರ್ಜೀನಿಯಾದ ಅಲೆಕ್ಸಾಂಡ್ರಿಯಾ ನಗರದಲ್ಲಿ. ಮೂರು ಹೈಸ್ಕೂಲುಗಳ ಮೇಲಿನ ತರಗತಿಗಳನ್ನು ಒಂದೇ ಶಾಲೆಗೆ ತಂದು ಸೇರಿಸಿದ್ದಾರೆ. ಕಪ್ಪು ಜನಾಂಗದ ಹುಡುಗರೂ ಬಿಳಿಯ ಹುಡುಗರೂ ಒಂದೇ ತಂಡದಲ್ಲಿ ಆಡಬೇಕು. ಕಪ್ಪು ಜನಾಂಗದ ಹರ್ಮನ್ ಬೂನ್ ಮುಖ್ಯ ತರಬೇತುಗಾರ. ಬಿಳಿಯ ಬಿಲ್ ಯೋಸ್ಟ್ ಅವನ ಕೈಕೆಳಗೆ. ಮೊದಲು ಒಬ್ಬರ ಮುಖ ಒಬ್ಬರು ನೋಡದ ಹುಡುಗರನ್ನು ಬೂನ್ ನಸುಕಿನಲ್ಲಿ ಎಬ್ಬಿಸಿ ಗೆಟಿಸ್‌ಬರ್ಗಿನ ಸಮಾಧಿಗಳ ನಡುವೆ ತಂದು ನಿಲ್ಲಿಸುತ್ತಾನೆ. 1863ರಲ್ಲಿ ಒಂದೇ ದೇಶದವರು ಪರಸ್ಪರ ಕೊಂದುಕೊಂಡ ನೆಲ ಅದು. ಬೂನ್ ಪಾತ್ರದಲ್ಲಿ ಡೆನ್ಜೆಲ್ ವಾಷಿಂಗ್ಟನ್ ಅಲ್ಲಿ ಆಡುವ ಮಾತು ಆಟದ ಮಾತಲ್ಲ.

ಮಿತ್ರರ ಕಕ್ಷಿ 2004ರ 'ಫ್ರೈಡೆ ನೈಟ್ ಲೈಟ್ಸ್'. ಬಿಸಿಂಜರ್ ಎಂಬ ಪತ್ರಕರ್ತ 1990ರಲ್ಲಿ ಪ್ರಕಟಿಸಿದ ಪುಸ್ತಕ ಅದರ ಮೂಲ. ಪಶ್ಚಿಮ ಟೆಕ್ಸಾಸಿನ ಒಡೆಸ್ಸಾ ಎಣ್ಣೆಬಾವಿಗಳ ಊರು. 1986ರಲ್ಲಿ ಎಣ್ಣೆಯ ಬೆಲೆ ಕುಸಿದ ಮೇಲೆ ಊರಿಗೆ ಉಳಿದ ವೈಭವವೆಂದರೆ ಶುಕ್ರವಾರ ರಾತ್ರಿಯ ಪಂದ್ಯ. ಒಂದು ಲಕ್ಷ ಜನರೂ ಇಲ್ಲದಿದ್ದ ಆ ಊರಿನಲ್ಲಿ ಹೈಸ್ಕೂಲು ಹುಡುಗರ ಆಟ ನೋಡಲು ಸುಮಾರು 19,000 ಮಂದಿ ಕೂರುವ ಕ್ರೀಡಾಂಗಣ! ಪರ್ಮಿಯನ್ ಹೈಸ್ಕೂಲು ಒಂದು ಪಂದ್ಯ ಸೋತರೆ ಸಾಕು, ಮನೆ ಮಾರಾಟಕ್ಕಿದೆ ಎಂಬ ಫಲಕಗಳನ್ನು ತರಬೇತುಗಾರ ಗ್ಯಾರಿ ಗೇನ್ಸ್‌ನ ಅಂಗಳದಲ್ಲಿ ಊರವರೇ ನೆಟ್ಟು ಹೋಗುತ್ತಾರೆ. 1988ರಲ್ಲಿ ಮೂರು ಶಾಲೆಗಳು ಸಮಸಮವಾಗಿ ನಿಂತಾಗ, ಯಾರು ಮುಂದೆ ಹೋಗಬೇಕೆಂಬುದು ಲಾರಿಗಳು ತಂಗುವ ಒಂದು ಕಟ್ಟೆಯಲ್ಲಿ ನಡುರಾತ್ರಿ ನಾಣ್ಯ ಚಿಮ್ಮಿ ನಿರ್ಧಾರವಾಯಿತು. ನಾಣ್ಯ ಪರ್ಮಿಯನ್ನಿನ ಹುಡುಗರನ್ನು ಮುಂದಕ್ಕೆ ಕಳಿಸಿತೇ ಹೊರತು ಗೆಲ್ಲಿಸಲಿಲ್ಲ.

ಎರಡು ಚಿತ್ರಗಳೂ ಇತಿಹಾಸದ ಕಿವಿ ಸ್ವಲ್ಪ ಹಿಂಡಿವೆ. ಟೈಟನ್ಸ್ ತಂಡ ಕೊನೆಯ ಪಂದ್ಯವನ್ನು ನಿಜವಾಗಿ ಗೆದ್ದದ್ದು 27-0 ಅಂತರದಲ್ಲಿ. ಚಿತ್ರದಲ್ಲಿ ಅದು ಕೊನೆಯ ಗಳಿಗೆಯವರೆಗೆ ಉಸಿರು ಹಿಡಿಸುವ ಹೋರಾಟ. ಪರ್ಮಿಯನ್ ಸೋತದ್ದು ಅಂತಿಮ ಪಂದ್ಯದಲ್ಲಲ್ಲ, ಉಪಾಂತ್ಯದಲ್ಲಿ, 14-9ರಿಂದ. ಚಿತ್ರ ಆ ಸೋಲನ್ನು ಅಂತಿಮ ಪಂದ್ಯಕ್ಕೆ ಸಾಗಿಸಿತು. ಒಬ್ಬರು ಗೆಲುವನ್ನು ಕಠಿನಗೊಳಿಸಿದರು, ಇನ್ನೊಬ್ಬರು ಸೋಲನ್ನು ಮುಂದೂಡಿದರು. ಕೀರ್ತನೆ ಮಾಡುವ ನಮ್ಮ ದಾಸರಿಗೂ ಗೊತ್ತಿರುವ ವಿದ್ಯೆ ಇದು, ದೂರಲಾರೆ.

ಹಾಗಾದರೆ ಮನ ಕರಗಿಸುವುದು ಗೆಲುವೋ ಸೋಲೋ? ಎರಡೂ ಅಲ್ಲವೆಂದು ನನಗೆ ತೋರುತ್ತದೆ. ಹಣಕ್ಕಾಗಿ ಆಡುವ ಆಟಗಾರ ಈ ವರ್ಷ ಸೋತರೆ ಮುಂದಿನ ವರ್ಷ ಮತ್ತೆ ಬರುತ್ತಾನೆ. ಹೈಸ್ಕೂಲಿನ ಹುಡುಗನಿಗೆ ಮುಂದಿನ ವರ್ಷವೆಂಬುದಿಲ್ಲ. ಆ ದೇಶದಲ್ಲಿ ಸುಮಾರು 10 ಲಕ್ಷ ಹುಡುಗರು ಹೈಸ್ಕೂಲಿನಲ್ಲಿ ಈ ಆಟವಾಡುತ್ತಾರೆ. ಕಾಲೇಜಿನಲ್ಲಿ ಮುಂದುವರಿಸುವವರು ನೂರಕ್ಕೆ ಏಳರ ಆಸುಪಾಸು. ಉಳಿದವರಿಗೆ ಹದಿನೇಳು-ಹದಿನೆಂಟರ ವಯಸ್ಸಿನಲ್ಲಿ ಕೇಳುವ ಸೀಟಿಯೇ ಕೊನೆಯ ಸೀಟಿ. ಗೆದ್ದರೂ ಅಷ್ಟೆ, ಸೋತರೂ ಅಷ್ಟೆ. ನಿನ್ನೆ ಊರೆಲ್ಲ ಹೆಸರು ಹಿಡಿದು ಕೂಗಿದ ಹುಡುಗ ನಾಳೆ ಅದೇ ಊರಿನಲ್ಲಿ ಕೆಲಸ ಹುಡುಕಬೇಕು.

ಇಲ್ಲಿ ನನಗೆ ಮತ್ತೆ ಅಭಿಮನ್ಯುವಿನ ನೆನಪು. ಅವನ ಮರಣಕ್ಕಿಂತಲೂ ನೋವಿನ ಸಂಗತಿ ಒಂದಿದೆ: ವ್ಯೂಹದೊಳಕ್ಕೆ ಹೋಗುವುದನ್ನು ಕಲಿತ ಆ ಹುಡುಗನಿಗೆ ಹೊರಬರುವ ದಾರಿ ಗೊತ್ತಿಲ್ಲವೆಂದು ತಿಳಿದೂ ಹಿರಿಯರು ಅವನನ್ನು ಮುಂದೆ ಬಿಟ್ಟರು. ನಾವು ಹಿಂದೆಯೇ ಬರುತ್ತೇವೆ ಎಂದರು, ಬರಲಾಗಲಿಲ್ಲ. ಒಡೆಸ್ಸಾದ ಬೂಬಿ ಮೈಲ್ಸ್ ಊರಿನ ಕಣ್ಮಣಿಯಾಗಿದ್ದ ಓಟಗಾರ. ಪಂದ್ಯಗಳ ಕಾಲ ಆರಂಭವಾಗುತ್ತಲೇ ಮೊಣಕಾಲು ಮುರಿದುಕೊಳ್ಳುತ್ತಾನೆ. ಚಿತ್ರದಲ್ಲಿ ಅವನು ತನ್ನ ಸಾಮಾನು ತೆಗೆದುಕೊಂಡು, ಎಲ್ಲರೆದುರು ನಗುತ್ತ ಹೊರಬಂದು, ಕಾರಿನೊಳಗೆ ಕುಳಿತ ಮೇಲೆ ಚಿಕ್ಕಪ್ಪನ ಮುಂದೆ ಬಿಕ್ಕಿ ಬಿಕ್ಕಿ ಅಳುತ್ತಾನೆ. ಆಟವೊಂದನ್ನು ಬಿಟ್ಟರೆ ತನಗೆ ಏನೂ ಬಾರದಲ್ಲ ಎಂಬುದೇ ಅವನ ದುಃಖ. ಬೇರೇನನ್ನೂ ಅವನಿಗೆ ಕಲಿಸಬೇಕೆಂದು ಆ ಊರಿನಲ್ಲಿ ಯಾರಿಗೂ ತೋರಿರಲಿಲ್ಲ.

ಇನ್ನೊಬ್ಬ ಹುಡುಗನ ತಂದೆ ತಾನು ಗೆದ್ದ ಕಾಲದ ಉಂಗುರವನ್ನು ಬೆರಳಿನಲ್ಲಿ ಹೊತ್ತು ತಿರುಗುವ ಕುಡುಕ. ಮಗನ ಕೈಯಿಂದ ಚೆಂಡು ಜಾರಿತೆಂದು ಅವನ ಕೈಗಳಿಗೆ ಚೆಂಡನ್ನು ಅಂಟುಪಟ್ಟಿಯಿಂದ ಬಿಗಿಯುತ್ತಾನೆ. ಆ ತಂದೆಯನ್ನು ದ್ವೇಷಿಸುವುದು ಸುಲಭ. ಆದರೆ ಅವನೂ ಹದಿನೇಳರಲ್ಲಿ ವ್ಯೂಹದೊಳಗೆ ಹೋದವನೇ, ಇನ್ನೂ ಹೊರಬಂದಿಲ್ಲ. ಸೋತ ರಾತ್ರಿ ಅವನು ಆ ಉಂಗುರವನ್ನು ಮಗನಿಗೆ ಕೊಡುವಾಗ ಅಪ್ಪ ಮಗ ಇಬ್ಬರೂ ಒಟ್ಟಿಗೆ ಹೊರಬಂದಂತೆ ನನಗೆ ಕಂಡಿತು.

ಈ ಚಿತ್ರಗಳಲ್ಲಿ ನನ್ನ ಕಣ್ಣು ತುಂಬುವುದು ಇಂಥ ಗಳಿಗೆಗಳಲ್ಲೇ, ಯಾರಾದರೊಬ್ಬರು ಹುಡುಗನಿಗೆ ಹೊರದಾರಿ ತೋರಿಸುವಾಗ. ಅಂತಿಮ ಪಂದ್ಯದ ನಡುವಿನ ಬಿಡುವಿನಲ್ಲಿ ಗೇನ್ಸ್ ತನ್ನ ಹುಡುಗರಿಗೆ, ಪರಿಪೂರ್ಣತೆಯೆಂಬುದು ಅಂಕಗಳ ಫಲಕದ ಮೇಲಿಲ್ಲ, ಮಾಡಬಹುದಾದದ್ದನ್ನೆಲ್ಲ ಮಾಡಿ ಗೆಳೆಯನ ಕಣ್ಣನ್ನು ನೇರವಾಗಿ ನೋಡಬಲ್ಲೆಯಾದರೆ ಅದೇ ಪರಿಪೂರ್ಣತೆ ಎಂಬ ಅರ್ಥದ ಮಾತನಾಡುತ್ತಾನೆ. ಟೈಟನ್ಸ್ ಚಿತ್ರದಲ್ಲಿ ಅಪಘಾತಕ್ಕೆ ಸಿಕ್ಕ ಬಿಳಿಯ ನಾಯಕ ಗೆರಿ ಬರ್ಟಿಯರ್ ಆಸ್ಪತ್ರೆಯಲ್ಲಿದ್ದಾನೆ. ಬಂಧುಗಳಿಗೆ ಮಾತ್ರ ಪ್ರವೇಶವೆಂದು ದಾದಿ ತಡೆದಾಗ, ಬಾಗಿಲಲ್ಲಿ ನಿಂತ ಕಪ್ಪು ಗೆಳೆಯನನ್ನು ತನ್ನ ಸೋದರನೆಂದೇ ಹೇಳುತ್ತಾನೆ. ಕಪ್ಪಾದರೇನು, ಬಿಳಿಯಾದರೇನು, ಆ ಒಂದು ಮಾತು ಯಾವ ಗೆಲುವಿಗಿಂತ ಕಡಮೆ? ಬರ್ಟಿಯರ್ ತೀರಿಕೊಂಡದ್ದು 1981ರಲ್ಲಿ. ಆಟ ಮುಗಿದು ಹತ್ತು ವರ್ಷಗಳಾದ ಮೇಲೂ ಗೆಳೆಯರು ಸಮಾಧಿಯ ಬಳಿ ಒಟ್ಟಾಗಿ ನಿಂತಿರುವುದನ್ನು ಚಿತ್ರ ತೋರಿಸುತ್ತದೆ. ಆದ್ದರಿಂದ ಗೆಲುವಿನ ಚಿತ್ರವೂ ಸೋಲಿನ ಚಿತ್ರವೂ ಒಂದೇ ಕಡೆಗೆ ಬಂದು ಸೇರುತ್ತವೆಂದು ನಾನು ತೀರ್ಪಿತ್ತೆ. ಇಬ್ಬರು ವಕೀಲರಿಗೂ ಅದು ಒಪ್ಪಿಗೆಯಾಗಲಿಲ್ಲ. ಮೇಲ್ಮನವಿ ಇನ್ನೂ ನಡೆದಿದೆ.

ಪಂದ್ಯಗಳೆಲ್ಲ ಮುಗಿದ ಮೇಲೆ ಗೇನ್ಸ್ ತನ್ನ ಕೊಠಡಿಯ ಹಲಗೆಯಿಂದ, ಶಾಲೆ ಮುಗಿಸಿದ ಹುಡುಗರ ಹೆಸರಿನ ಪಟ್ಟಿಗಳನ್ನು ಒಂದೊಂದಾಗಿ ತೆಗೆಯುತ್ತಾನೆ. ಹಿನ್ನೆಲೆಯಲ್ಲಿ ಕೂಗಿಲ್ಲ, ಜಯಘೋಷವಿಲ್ಲ. ವರ್ಷಕ್ಕೊಮ್ಮೆ ಹಾಜರಿ ಪುಸ್ತಕ ಬದಲಿಸುವ ಮೇಷ್ಟ್ರಿಗೆ ಆ ದೃಶ್ಯದ ಭಾರ ಬೇರೆ. ನಮ್ಮ ಮಕ್ಕಳೂ ಅದೇ ವಯಸ್ಸಿನಲ್ಲಿ ಪಿ.ಯು. ಪರೀಕ್ಷೆಯೆಂಬ ವ್ಯೂಹದ ಬಾಗಿಲಿಗೆ ಬಂದು ನಿಲ್ಲುತ್ತಾರೆ. ಒಳಗೆ ಹೋಗುವ ಉಪಾಯವನ್ನು ನಾವೆಲ್ಲ ಚೆನ್ನಾಗಿಯೇ ಹೇಳಿಕೊಡುತ್ತೇವೆ. ಅಂಕ ಬಂದವನಿಗೂ ಬಾರದವನಿಗೂ ಬೇಕಾದ ಹೊರದಾರಿ ಯಾವ ಪಠ್ಯದಲ್ಲಿದೆ? ಹೊಸ ಪುಸ್ತಕದಲ್ಲಿ ಹೊಸ ಹೆಸರುಗಳನ್ನು ಬರೆಯುವ ಮುನ್ನ ಹಳೆಯ ಹೆಸರುಗಳನ್ನು ಒಮ್ಮೆ ನಿಧಾನವಾಗಿ ಓದಿಕೊಳ್ಳುವ ಅಭ್ಯಾಸ ನನಗೆ ಬಂದಿದೆ. ಯಾರು ಹೊರಬಂದರು, ಯಾರು ಇನ್ನೂ ಒಳಗೇ ಉಳಿದರು ಎಂದು.