ಆಕಾಶಕ್ಕೊಂದು ಲೆಕ್ಕ, ಮುಖಕ್ಕೊಂದು ಲೆಕ್ಕ

28 ಡಿಸೆಂಬರ್ 2024, ಶನಿವಾರ

ಧನುರ್ಮಾಸ. ಮುಹೂರ್ತಗಳಿಲ್ಲ, ಕಲ್ಯಾಣಮಂಟಪಗಳೆಲ್ಲ ಖಾಲಿ. ಸಂಕ್ರಾಂತಿ ಕಳೆದ ಮೇಲೆ ಮದುವೆಯಾಗುವವರು ಈಗ ಪ್ರೀ-ವೆಡ್ಡಿಂಗ್ ಫೋಟೋ ಮುಗಿಸಿಕೊಳ್ಳುತ್ತಾರೆ. ನಾಳೆ ಮರವಂತೆಯಲ್ಲಿ ಒಂದಿದೆ. ಇವತ್ತು ಸಂಜೆ ಹೋಗಿ ಜಾಗ, ಬೆಳಕು ಎರಡನ್ನೂ ನೋಡಿ ಬಂದೆ. ಹೆದ್ದಾರಿಯ ಒಂದು ಮಗ್ಗುಲಿಗೆ ಕಡಲು, ಇನ್ನೊಂದು ಮಗ್ಗುಲಿಗೆ ಸೌಪರ್ಣಿಕಾ. ನದಿಯ ಕಡೆಗಾದರೆ ಕೆಲಸ ಸುಲಭ, ಸಂಜೆಯ ಬಿಸಿಲು ನೇರ ಮುಖಕ್ಕೇ ಬೀಳುತ್ತದೆ. ಹುಡುಗಿಗೆ ಮಾತ್ರ ಕಡಲೇ ಬೇಕಂತೆ, ಅದೂ ಸೂರ್ಯ ಮುಳುಗುವ ಹೊತ್ತಿನದು. ಅಂದರೆ ಸೂರ್ಯ ಬೆನ್ನಿಗೆ, ಮುಖ ನೆರಳಿಗೆ. ಆಕಾಶಕ್ಕೆ ಹೊಂದಿಸಿದರೆ ಜೋಡಿ ಬರೀ ಕಪ್ಪು ಆಕೃತಿ. ಮುಖಕ್ಕೆ ಹೊಂದಿಸಿದರೆ ಬೇಕೆಂದು ಕೇಳಿದ ಸೂರ್ಯಾಸ್ತವೇ ಇರುವುದಿಲ್ಲ.

ಐದು ಗಂಟೆಗೆ ಐಎಸ್‌ಒ 100, ಶಟರ್ 1/200ಕ್ಕೆ ಇಟ್ಟು ನೋಡಿದಾಗ ಆಕಾಶದ ಬಣ್ಣ ಉಳಿದದ್ದು ಎಫ್/11ರಲ್ಲಿ. ಹಾಗಿದ್ದರೆ ಮುಖಕ್ಕೂ ಫ್ಲಾಶ್ ಎಫ್/11ರಷ್ಟು ಬೆಳಕು ಕೊಡಬೇಕು. ನನ್ನ ಫ್ಲಾಶಿನ ಗೈಡ್ ನಂಬರ್ ಜೂಮ್ 50ರಲ್ಲಿ 42. ಅದನ್ನು 11ರಿಂದ ಭಾಗಿಸಿದರೆ ಬೆಳಕು ತಲುಪುವ ದೂರ ಮೂರೂಮುಕ್ಕಾಲು ಮೀಟರ್. ಅದು ಬರೀ ಫ್ಲಾಶಿಗೆ. ಬಿಳಿ ಕೊಡೆ ಹಾಕಿದರೆ ಸುಮಾರು ಎರಡು ಸ್ಟಾಪ್ ಅದೇ ನುಂಗುತ್ತದೆ, ದೂರವೂ ಅರ್ಧಕ್ಕಿಳಿಯುತ್ತದೆ. ಫುಲ್ ಪವರ್ ಹಾಕಿದರೂ ಕೊಡೆ ಎರಡು ಮೀಟರಿನೊಳಗೇ ನಿಲ್ಲಬೇಕು. ಫ್ರೇಮಿಗೆ ಬೀಳದಂತೆ ಅಷ್ಟು ಹತ್ತಿರ ನಿಲ್ಲಿಸುವುದೇ ನಾಳೆಯ ಕಷ್ಟ.

ಎಫ್/2.8ಕ್ಕೆ ತೆರೆದು ಹಿನ್ನೆಲೆ ಮಸುಕಾಗಿಸೋಣ ಎಂದರೆ ಶಟರ್ 1/3200ಕ್ಕೆ ಏರಬೇಕು. ಹೈ-ಸ್ಪೀಡ್ ಸಿಂಕ್ ಇದೆ, ಆದರೆ ಅದರಲ್ಲಿ ಫ್ಲಾಶಿನ ಬಲವೆಲ್ಲ ಸೋರಿಹೋಗುತ್ತದೆ. ಅಷ್ಟಕ್ಕೂ ಮರವಂತೆಗೆ ಹೋಗಿ ಕಡಲನ್ನೇ ಮಸುಕು ಮಾಡುವುದು ಯಾಕೆ?

29 ಡಿಸೆಂಬರ್, ಭಾನುವಾರ

ಗಾಳಿ ವಿಪರೀತ. ಸ್ಟ್ಯಾಂಡಿನ ಕಾಲಿಗೆ ಮರಳು ಚೀಲ ಕಟ್ಟಿದ್ದರೂ ಕೊಡೆ ಹಾಯಿಯ ಹಾಗೆ ಎಳೆಯುತ್ತಿತ್ತು. ಕೊನೆಗೆ ನಮ್ಮ ಸಹಾಯಕ ಹುಡುಗನೇ ಸ್ಟ್ಯಾಂಡ್ ತಬ್ಬಿಕೊಂಡು ಕೂತ.

ಮದುಮಗ ಬಿಳಿ ಅಂಗಿ, ಬಿಳಿ ಪಂಚೆಯಲ್ಲಿ ಬಂದಿದ್ದ. ಇಷ್ಟು ಬಿಳಿ ಕಂಡರೆ ಫ್ಲಾಶಿನ ಆಟೊ ಲೆಕ್ಕವಾದ ಟಿಟಿಎಲ್ ಬೆಳಕು ಹೆಚ್ಚಾಯಿತೆಂದುಕೊಂಡು ಫ್ಲಾಶನ್ನು ತಾನೇ ಇಳಿಸಿಬಿಡುತ್ತದೆ, ಹಾಗಾಗಿ ಮೊದಲಿಂದಲೇ ಮ್ಯಾನುಯಲ್. ಫ್ಲಾಶಿಗೆ ಹತ್ತಿರವಿದ್ದದ್ದು ಅವನೇ, ಹುಡುಗಿ ಅವನ ಆಚೆ. ಇಷ್ಟು ಸಮೀಪದಲ್ಲಿ ಒಂದು ಮೊಳದ ಅಂತರವೂ ಎದ್ದು ಕಾಣುತ್ತದೆ: ದೂರ ಇಮ್ಮಡಿಯಾದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದಲ್ಲ. ಕೊಡೆಯನ್ನು ಅವನ ಮುಖದಿಂದ ಆಚೆ ಹುಡುಗಿಯ ಕಡೆಗೆ ತಿರುಗಿಸಿದೆ. ಅವನ ಮೇಲೆ ಅಂಚಿನ ಬೆಳಕು, ಅವಳ ಮೇಲೆ ನಡುವಿನದು. ಇಬ್ಬರೂ ಸಮ ಬಂದರು.

ಐದೂಮುಕ್ಕಾಲಿಗೆ ಆಕಾಶ ಇಳಿಯತೊಡಗಿತು. ಎಫ್/5.6ಕ್ಕೆ ಬಂದು ಫ್ಲಾಶನ್ನು ಕಾಲು ಪವರಿಗೆ ತಂದೆ. ಸೂರ್ಯ ಮುಳುಗಿದ್ದು ಆರೂ ಹತ್ತರ ಆಸುಪಾಸು. ಆಮೇಲೆ ಫ್ಲಾಶನ್ನಾಗಲಿ ಅಪರ್ಚರನ್ನಾಗಲಿ ಮುಟ್ಟಲಿಲ್ಲ, ಶಟರ್ ಮಾತ್ರ ಇಳಿಸುತ್ತಾ ಬಂದೆ: 1/200, 1/125, 1/60. ಪರದೆ ನೋಡಿ ಹುಡುಗ ಕೇಳಿದ, "ಅಣ್ಣ, ಹೊರಗೆ ಕತ್ತಲಾಗ್ತಾ ಇದೆ, ಫೋಟೋದಲ್ಲಿ ಯಾಕೆ ಆಗ್ತಿಲ್ಲ?"

ಫ್ಲಾಶ್ ಹೊತ್ತಿ ಆರುವುದು ಸೆಕೆಂಡಿನ ಸಾವಿರದಲ್ಲೊಂದು ಭಾಗದ ಲೆಕ್ಕದಲ್ಲಿ. ಶಟರ್ ಎಷ್ಟು ಹೊತ್ತು ತೆರೆದಿದ್ದರೂ ಅದಕ್ಕೆ ಅಷ್ಟೇ. ಆಕಾಶ ಹಾಗಲ್ಲ, ತೆರೆದಿರುವಷ್ಟು ಹೊತ್ತೂ ಒಳಗೆ ಬರುತ್ತಲೇ ಇರುತ್ತದೆ. ಅದಕ್ಕೇ ಶಟರ್ ಆಕಾಶಕ್ಕೆ, ಫ್ಲಾಶಿನ ಪವರ್ ಮುಖಕ್ಕೆ. ಒಂದೇ ಕ್ಲಿಕ್ಕಿನಲ್ಲಿ ಎರಡು ಫೋಟೋ ತೆಗೆಯುತ್ತಿದ್ದೇವೆ ಮಾರಾಯ, ಎಂದೆ.

1/30ಕ್ಕೆ ಇಳಿದಾಗ ಮಾತ್ರ ಎರಡೂ ಜಗಳಕ್ಕೆ ಬಿದ್ದವು. ಮುಖ ಚೂಪಾಗಿಯೇ ಇದೆ, ಆದರೆ ಗಾಳಿಗೆ ಹಾರುವ ಕೂದಲ ತುದಿ ಮತ್ತು ಸೆರಗಿನ ಅಂಚು ಆಕಾಶದೆದುರು ಎರಡೆರಡಾಗಿ ಕಾಣುತ್ತವೆ, ಒಂದು ಫ್ಲಾಶ್ ಹಿಡಿದದ್ದು, ಇನ್ನೊಂದು ಸಂಜೆಯ ಬೆಳಕು ಹಿಡಿದದ್ದು. ಸೆರಗಿನದನ್ನು ಬೇಕೆಂದೇ ಉಳಿಸಿಕೊಂಡೆ. ಚೆನ್ನಾಗಿದೆ.

ಫ್ಲಾಶಿಗೆ ಕಿತ್ತಳೆ ಬಣ್ಣದ ಅರ್ಧ ಸಿಟಿಒ ಜೆಲ್ ಹಾಕಿದ್ದೆ. ಫ್ಲಾಶಿನ ಬೆಳಕು ನಡುಹಗಲಿನ ಬಿಳಿ, ಸುಮಾರು 5500 ಕೆಲ್ವಿನ್. ಸಂಜೆಗೆಂಪಿನಲ್ಲಿ ನಿಂತವರ ಮುಖಕ್ಕೆ ಅದನ್ನು ಹಾಗೆಯೇ ಸುರಿದರೆ ಬೇರೆ ಊರಿನಲ್ಲಿ ತೆಗೆದು ಅಂಟಿಸಿದಂತಾಗುತ್ತದೆ.

31 ಡಿಸೆಂಬರ್, ಮಂಗಳವಾರ

ಹುಡುಗಿಯ ಚಿಕ್ಕಮ್ಮನ ಫೋನು. "ಫ್ಲಾಶ್ ಹೊಡೆದಿದ್ದೀರಲ್ಲ, ಮತ್ಯಾಕೆ ಹುಡುಗಿ ಬೆಳ್ಳಗೆ ಕಾಣ್ಲಿಲ್ಲ?"

ಇದು ಹೊಸ ಪ್ರಶ್ನೆಯಲ್ಲ. ಫ್ಲಾಶ್ ಎಂದರೆ ಪೌಡರ್ ಎಂದೇ ಜನರ ಲೆಕ್ಕ. ಹುಡುಗಿಯದು ಎಣ್ಣೆಗೆಂಪು ಮೈಬಣ್ಣ, ಬಲು ಚಂದ. ಕೆನ್ನೆಯ ಒಂದು ಬದಿಯಿಂದ ಇನ್ನೊಂದು ಬದಿಗೆ ಬೆಳಕು ನಿಧಾನವಾಗಿ ಇಳಿಯುವುದು ಅಂಥ ಬಣ್ಣದ ಮೇಲೇ ಚೆನ್ನಾಗಿ ಕಾಣುವುದು. ನಾನು ಮುಖವನ್ನು ಆಕಾಶಕ್ಕಿಂತ ಅರ್ಧ ಸ್ಟಾಪ್ ಕೆಳಗೇ ಇಟ್ಟಿದ್ದೆ, ಅವರು ಆ ಸಂಜೆಯೊಳಗೇ ನಿಂತಂತೆ ಕಾಣಲಿ ಎಂದು. ಅದನ್ನೂ ಮೀರಿಸಿ ಬೆಳಗಿಸಿದರೆ ಟಾಕೀಸಿನ ಮುಂದಿನ ಕಟೌಟೇ ಸರಿ. ಇದನ್ನೆಲ್ಲ ಫೋನಿನಲ್ಲಿ ಹೇಳುವುದು ಹೇಗೆ? ಮುಖ ಒಂದು ಸ್ಟಾಪ್ ಏರಿಸಿದ ಇನ್ನೊಂದು ಪ್ರತಿ ಮಾಡಿ ಎರಡನ್ನೂ ಕಳಿಸಿದೆ. ಹುಡುಗಿ ಆಲ್ಬಮ್ಮಿಗೆ ಮೊದಲನೆಯದನ್ನೇ ಇಟ್ಟುಕೊಂಡಳು. ಮಂಟಪದ ಬಾಗಿಲಿಗೆ ಹಾಕುವ ಫ್ಲೆಕ್ಸಿಗೆ ಚಿಕ್ಕಮ್ಮನದು.

3 ಜನವರಿ 2025, ಶುಕ್ರವಾರ

ಕಪಾಟು ಒರೆಸುವಾಗ ಹಳೇ ಪೆಂಟಾಕ್ಸ್ ಕೆ1000 ಸಿಕ್ಕಿತು. ಅದರ ಫ್ಲಾಶ್ ಸಿಂಕ್ 1/60 ಮಾತ್ರ. ಅದಕ್ಕಿಂತ ವೇಗವಾದರೆ ಶಟರಿನ ಎರಡನೇ ಪರದೆ ಆಗಲೇ ಮುಚ್ಚತೊಡಗಿರುತ್ತದೆ, ಫೋಟೋದಲ್ಲಿ ಕಪ್ಪು ಪಟ್ಟಿ ಬೀಳುತ್ತದೆ. 100ರ ರೀಲು ಹಾಕಿ ಹಗಲಲ್ಲಿ 1/60 ಎಂದರೆ ಎಫ್/16 ದಾಟಬೇಕು, ಅಷ್ಟು ಬಲ ಆಗಿನ ಸಣ್ಣ ಫ್ಲಾಶ್‌ಗಳಿಗೆಲ್ಲಿತ್ತು? ಹಳೇ ಗುಂಪು ಫೋಟೋಗಳಲ್ಲಿ ಎಲ್ಲರೂ ಬಿಸಿಲಿಗೆ ಮುಖ ಕೊಟ್ಟು ಕಣ್ಣು ಕಿರಿದು ಮಾಡಿಕೊಂಡಿರುವುದಕ್ಕೆ ಇದೂ ಒಂದು ಕಾರಣ. ಸ್ವಲ್ಪ ಅನುಕೂಲವಿದ್ದವರು ಥರ್ಮೋಕೋಲ್ ಹಾಳೆ ಹಿಡಿಸುತ್ತಿದ್ದರು. ಅದು ಈಗಲೂ ಕೆಟ್ಟದ್ದೇನಲ್ಲ, ಗಾಳಿಯಿಲ್ಲದಿದ್ದರೆ.

ಬರುವ ವಾರದ ಪ್ರೀ-ವೆಡ್ಡಿಂಗ್ ಅಡಿಕೆ ತೋಟದೊಳಗೆ. ಅಲ್ಲಿ ಎಲೆಗಳಿಂದ ಸೋಸಿ ಬರುವ ಬೆಳಕೇ ಹಸಿರು. ಫ್ಲಾಶಿಗೂ ತೆಳು ಹಸಿರು ಜೆಲ್ ಹಾಕಿ, ವೈಟ್ ಬ್ಯಾಲೆನ್ಸಿನಲ್ಲಿ ಹಸಿರು ತೆಗೆದರೆ ಮುಖ, ಹಿನ್ನೆಲೆ ಎರಡೂ ಹೊಂದಿಕೊಳ್ಳುತ್ತವೆ. ಇರುವ ಜೆಲ್ ಸುಕ್ಕಾಗಿದೆ, ಉಡುಪಿಗೆ ಹೋಗುವ ಹುಡುಗನ ಕೈಯಲ್ಲಿ ಎರಡು ತರಿಸಬೇಕು.