ಲೆಸ್ಟರ್ ಗಾಜು, ಸೋಮನೂರು ಬಟ್ಟೆ

ಸ್ಟುಡಿಯೋ ಮುಚ್ಚಿದ ಮೇಲೂ ಚಿಕ್ಕಪ್ಪ ಹಿತ್ತಾಳೆಯ ಆ ಕುಕ್ ಲೆನ್ಸನ್ನು ಹಳೇ ರೇಷ್ಮೆ ಪಂಚೆಯಲ್ಲಿ ಸುತ್ತಿ ಬೀರುವಿನಲ್ಲಿಟ್ಟಿದ್ದರು. "ಇದರಲ್ಲಿ ತೆಗೆದರೆ ಕಣ್ರೆಪ್ಪೆ ಎಣಿಸಬಹುದಪ್ಪ" ಎನ್ನುವುದು ಅವರ ಹಳೇ ಮಾತು.

ನಾವು ತಮಿಳುನಾಡಿನ ಸೋಮನೂರಿನ ದೇವಾಂಗ ನೇಕಾರರು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಹಗಲಿರುಳೂ ಪವರ್‌ಲೂಮಿನ ಸದ್ದು. ಎಣಿಕೆಯ ಮಾತು ಬಂದರೆ ನಾವು ಸುಮ್ಮನಿರುವವರಲ್ಲ. ಬಟ್ಟೆಯ ಮೇಲೆ ಮಡಚುವ ಪುಟ್ಟ ಭೂತಗನ್ನಡಿ ಇಟ್ಟು, ಅಂಗುಲಕ್ಕೆ ಎಷ್ಟು ಎಳೆ ಎಂದು ನೋಡುವುದು ನಮ್ಮ ಕಸುಬು. ದೊಡ್ಡ ಕ್ಯಾಮೆರಾದ ಹಿಂಬದಿಯ ಮಸುಕುಗಾಜಿನಲ್ಲಿ ಫೋಕಸ್ ನೋಡಲು ಫೋಟೋಗ್ರಾಫರುಗಳೂ ಇದೇ ಕನ್ನಡಿ ಹಿಡಿಯುವುದುಂಟು. "ಒಂದು ಸಲ ನೋಡೇಬಿಡೋಣ ಚಿಕ್ಕಪ್ಪ" ಎಂದೆ. ಅವರಿಗೆ ಅಷ್ಟೇನೂ ಇಷ್ಟವಿರಲಿಲ್ಲ.

ಲೆನ್ಸಿನ ಕುಲ ದೊಡ್ಡದೇ. ಯಾರ್ಕ್‌ನಲ್ಲಿ ದೂರದರ್ಶಕ ಮಾಡುತ್ತಿದ್ದ ಟಿ. ಕುಕ್ ಅಂಡ್ ಸನ್ಸ್ ಕಂಪನಿಯ ಡೆನ್ನಿಸ್ ಟೇಲರ್ 1893ರಲ್ಲಿ ಅಂಟಿಲ್ಲದ ಮೂರೇ ಗಾಜಿನಿಂದ ಇದರ ಮೂಲರೂಪ ಕಟ್ಟಿದ. ತಯಾರಿಕೆ ಮಾತ್ರ ಲೆಸ್ಟರಿನ ಟೇಲರ್, ಟೇಲರ್ ಅಂಡ್ ಹಾಬ್ಸನ್ ಪಾಲಾಯಿತು. ಕಾಲುಚೀಲ, ಬನಿಯನ್ನು ಹೆಣೆದು ಬದುಕಿದ ಊರು ಲೆಸ್ಟರ್. ನಮ್ಮ ತಿರುಪ್ಪೂರಿನ ದೂರದ ದಾಯಾದಿ ಎನ್ನಿ.

ಮೊದಲು ಹಿಂದಿನಿಂದ ಟಾರ್ಚ್ ಬಿಟ್ಟೆವು. ಅಂಚಿನಲ್ಲಿ ಬೂಷ್ಟಿನ ಎಳೆಗಳು. ಅಂಟೇ ಇಲ್ಲದ್ದರಿಂದ ಅಂಟು ಬಿಟ್ಟುಕೊಳ್ಳುವ ಕಾಟವಿಲ್ಲ. ಆಮೇಲೆ ಗೋಡೆಗೆ ಇನ್ನೂ ಬಣ್ಣ ಕಾಣದ ಕಾಡಾ ಬಟ್ಟೆ ಬಿಗಿದು ಕಟ್ಟಿ, ಎಫ್ 4.5ರಲ್ಲಿ ಪೂರ್ತಿ ತೆರೆದು ನೋಡಿದೆ. ನಡುವೆ ಹಾಸು, ಹೊಕ್ಕು ಎರಡೂ ಚೊಕ್ಕ. ಅಂಚಿಗೆ ಬರುತ್ತ ಎಳೆಗಳು ಒಂದರೊಳಗೊಂದು ಕರಗಿ ಗಂಜಿಯಾದವು. ಎಫ್ 16ಕ್ಕೆ ಇಳಿಸಿದರೆ ಅಂಚೂ ದಾರಿಗೆ ಬಂತು. ಎದುರಿಗೆ ಕಿಟಕಿ ಇಟ್ಟರೆ ಮಾತ್ರ ಕಪ್ಪೆಲ್ಲ ಬೂದಿ, ಗಾಜಿಗೆ ಲೇಪವಿಲ್ಲವಲ್ಲ. ಜರ್ಮನಿಯ ಜೈಸ್ ಕಂಪನಿಯ ಸ್ಮಾಕುಲ ಗಾಜಿಗೆ ಲೇಪ ಹಚ್ಚುವ ವಿದ್ಯೆ ಕಂಡುಕೊಂಡದ್ದು 1935ರಲ್ಲಿ. ಈ ಲೆನ್ಸು ಅದಕ್ಕೂ ಮುಂಚಿನದು. ಲೇಪವಿಲ್ಲದ ಆರು ಮೈಗಳು, ಒಂದೊಂದೂ ನೂರಕ್ಕೆ ನಾಲ್ಕೈದು ಪಾಲು ಬೆಳಕನ್ನು ಹಿಂದಕ್ಕೆ ಎಸೆಯುತ್ತವೆ. ಅದರಲ್ಲಿ ಒಂದಿಷ್ಟು ಒಳಗೊಳಗೇ ಅಲೆದು ನೆರಳಿನ ಮೇಲೆ ಬೀಳುತ್ತದೆ.

ಹಾಗಾದರೆ ಚಿಕ್ಕಪ್ಪನ ಹಳೇ ಫೋಟೋಗಳು ಅಷ್ಟು ಚೆಂದ ಹೇಗೆ? ನನ್ನ ಅನುಮಾನ ಪ್ಲೇಟಿನ ಮೇಲೆ. ಎಂಟೂವರೆ ಅಂಗುಲಕ್ಕೆ ಆರೂವರೆ ಅಂಗುಲದ ನೆಗೆಟಿವ್, ಅದನ್ನು ಕಾಗದಕ್ಕೆ ಒತ್ತಿಯೇ ಪ್ರಿಂಟ್. ಹಿಗ್ಗಿಸುವ ಮಾತೇ ಇಲ್ಲ. ಹಿಗ್ಗಿಸದಿದ್ದರೆ ಲೆನ್ಸಿನ ಐಬು ಯಾರ ಕಣ್ಣಿಗೂ ಬೀಳದು. ಜೊತೆಗೆ ಉತ್ತರದ ಕಿಟಕಿಯ ಬೆಳಕು, ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸುವ ಚಿಕ್ಕಪ್ಪನ ಕೈ. ಇವೆಲ್ಲ ಮುಗಿದ ಮೇಲೆ ಲೆನ್ಸಿನ ಪಾಲು. ಈ ಲೆಕ್ಕವನ್ನು ಅವರು ಇನ್ನೂ ಒಪ್ಪಿಲ್ಲ.

ಚಿಕ್ಕಮ್ಮನನ್ನು ಕೂರಿಸಿ ಎಫ್ 4.5ರಲ್ಲೇ ಒಂದು ಎಕ್ಸ್‌ರೇ ಫಿಲಂ ಕಳೆದೆವು. ಕಣ್ಣು ಚುರುಕು, ಕಿವಿಯ ಓಲೆಯಿಂದಾಚೆ ಎಲ್ಲ ಮೆತ್ತಗೆ. ರೆಪ್ಪೆಯನ್ನು ನಾನು ಎಣಿಸಿದೆ, ಎಣಿಸಬಹುದು. ಅಷ್ಟರಮಟ್ಟಿಗೆ ಚಿಕ್ಕಪ್ಪನ ಮಾತು ನಿಜ.

ಮುಖಕ್ಕೆ ಈ ಲೆನ್ಸು ಒಳ್ಳೆಯದು, ಬಟ್ಟೆಗೆ ಸಾಲದು. ಹೆಸರಿಗಾಗಿ ಈಗ ಕೇಳುವ ಬೆಲೆಯನ್ನು ನಾನಂತೂ ಕೊಡಲಾರೆ. ನಿಮ್ಮ ಕೈಗೂ ಇಂಥದ್ದು ಬಂದರೆ ಮೊದಲು ಟಾರ್ಚ್ ಬಿಡಿ, ಬೆಲೆ ಆಮೇಲೆ ಮಾತಾಡಿ.