ಮೈಗಳ್ಳ ಪೊದೆಯ ಪರವಾಗಿ

ಮೈಗಳ್ಳರ ಪರ ಯಾರೂ ವಕಾಲತ್ತು ಹಾಕುವುದಿಲ್ಲ; ನಾನೇ ಹಾಕುತ್ತೇನೆ. ನನ್ನ ಕಕ್ಷಿದಾರ ಓಕೋಟಿಯೊ ಎಂಬ ಪೊದೆ. ವಾಸ, ಅರಿಜೋನಾ ಮತ್ತು ಮೆಕ್ಸಿಕೊಗೆ ಹರಡಿದ ಸೊನೊರಾನ್ ಮರುಭೂಮಿ. ರೂಪ ಹೇಳಿಕೊಳ್ಳುವಂಥದ್ದಲ್ಲ: ಒಂದೇ ಬುಡದಿಂದ ಎದ್ದ ಹತ್ತಾರು ಮುಳ್ಳುಕೋಲು, ಒಂದೊಂದೂ ಎರಡಾಳೆತ್ತರ. ಮಳೆ ಇಲ್ಲದ ತಿಂಗಳುಗಳಲ್ಲಿ ನೋಡಿದವರು ಒಲೆಗೆ ಲಾಯಕ್ಕು ಎಂದುಕೊಳ್ಳಬೇಕು, ಹಾಗಿರುತ್ತದೆ.

ಒಂದು ಹದವಾದ ಮಳೆ ಬೀಳಲಿ, ಎರಡು ಮೂರು ದಿನದಲ್ಲಿ ಕೋಲಿನುದ್ದಕ್ಕೂ ಹಸಿರೆಲೆ! ಬೇರುಗಳು ಹೆಚ್ಚು ಆಳಕ್ಕಿಳಿಯದೆ ಮೇಲುಮಣ್ಣಿನಲ್ಲೇ ಹರಡಿರುವುದರಿಂದ ಬಿದ್ದ ನೀರು ಬೇಗ ಸಿಗುತ್ತದೆ. ನೆಲದ ಪಸೆ ಆರಿತೋ, ಎಲೆ ಹಣ್ಣಾಗಿ ಉದುರಿತು. ಮತ್ತೆ ಮಳೆ, ಮತ್ತೆ ಎಲೆ. ಮಳೆ ಕೈಹಿಡಿದರೆ ವರ್ಷದಲ್ಲಿ ನಾಲ್ಕೈದು ಸಲ. ಟೂಸಾನ್ ಸುತ್ತಮುತ್ತ ಚಳಿಗಾಲದಲ್ಲಿ ಸೋನೆ, ಜುಲೈ ಹೊತ್ತಿಗೆ ಗುಡುಗುಮಳೆ ಎಂಬ ಲೆಕ್ಕವೇನೋ ಇದೆ. ಅದನ್ನು ನಂಬಿ ಮುಂಚಿತವಾಗಿ ಚಿಗುರಿದರೆ ಕೆಟ್ಟಂತೆಯೇ. ಎಲೆ ಎಂದರೆ ಖರ್ಚು. ಗಾಳಿ ಒಳಗೆ ಬರಲೆಂದು ತೆರೆದ ಸಣ್ಣ ರಂಧ್ರಗಳಿಂದಲೇ ನೀರು ಆವಿಯಾಗಿ ಹೊರಬೀಳುತ್ತದೆ.

ಎಲೆಯಿಲ್ಲದಾಗ ಪೂರ್ತಿ ನಿದ್ದೆ ಎಂದೂ ಹೇಳುವಂತಿಲ್ಲ. ತೊಗಟೆಯಡಿಯ ಹಸಿರು ಪದರ ಬಿಸಿಲು ಹಿಡಿದು, ಕಾಂಡ ಉಸಿರಾಡಿ ಬಿಟ್ಟ ಇಂಗಾಲದ ಡೈಆಕ್ಸೈಡನ್ನೇ ಮತ್ತೆ ಬಳಸಿಕೊಳ್ಳುತ್ತದೆ. ಕುಳಿತಲ್ಲೇ ಕೈಕೆಲಸ.

ಎದುರು ವಕೀಲರು ಪಕ್ಕದ ಕ್ರಿಯೊಸೋಟ್ ಪೊದೆಯತ್ತ ಬೆರಳು ತೋರಿಸಬಹುದು. ಅಂಟುಲೇಪದ ಪುಟ್ಟ ಎಲೆಗಳನ್ನು ಕಡುಬರದಲ್ಲೂ ಕಚ್ಚಿ ಹಿಡಿದಿರುವ ಹಟವಾದಿ ಅದು. ಮೊಹಾವಿ ಮರುಭೂಮಿಯಲ್ಲಿ ಇದೇ ಜಾತಿಯ ಒಂದು ಪೊದೆಗುಂಪಿಗೆ ಸುಮಾರು 11,700 ವರ್ಷ ಎಂಬ ಅಂದಾಜಿದೆ. ದೊಡ್ಡದೇ, ಒಪ್ಪಿದೆ. ಬ್ರಿಟಲ್‌ಬುಷ್ ಎಂಬುದು ನಡುದಾರಿಯದ್ದು. ಮಳೆಯಲ್ಲಿ ಅಗಲವಾದ ಹಸಿರೆಲೆ, ಬರದಲ್ಲಿ ಬಿಸಿಲನ್ನು ಹಿಂದಕ್ಕೆಸೆಯುವ ಬಿಳಿರೋಮದ ಚಿಕ್ಕೆಲೆ. ಆದರೂ ಎಲೆಗಳಿಗಾಗಿ ಇಷ್ಟೆಲ್ಲ ಪಾಡುಪಡುವುದಕ್ಕಿಂತ ಉದುರಿಸಿ ಸುಮ್ಮನಾಗುವುದೇ ನನಗೆ ಹಿಡಿಸಿದ್ದು.

ನನ್ನ ವಾದಕ್ಕೆ ತೊಡಕು ತರುವ ಸಂಗತಿ ಒಂದಿದೆ. ವಸಂತ ಬಂದರೆ ಮಳೆ ಬರಲಿ ಬಿಡಲಿ, ಮೈಮೇಲೆ ಎಲೆಯಿರಲಿ ಇಲ್ಲದಿರಲಿ, ಈ ಮೈಗಳ್ಳ ಕೋಲುಗಳ ತುದಿಯಲ್ಲಿ ಕೆಂಪು ಹೂಗೊಂಚಲು ಹೊರಡಿಸಿಯೇ ತೀರುತ್ತಾನೆ. ಉತ್ತರಕ್ಕೆ ವಲಸೆ ಹೊರಟ ಹಮ್ಮಿಂಗ್‌ಬರ್ಡ್‌ಗಳು ದಾರಿಯಲ್ಲಿ ಮಕರಂದಕ್ಕೆ ಬರುವ ಕಾಲ ಅದು. ಎಲೆಯ ವಿಷಯದಲ್ಲಿ ಪಂಚಾಂಗ ಬೇಡ, ಅತಿಥಿಗಳ ವಿಷಯದಲ್ಲಿ ಬೇಕು!

ಅಲ್ಲಿಯ ಜನ ಈ ಕೋಲುಗಳನ್ನು ಕಡಿದು ಸಾಲಾಗಿ ಹುಗಿದು ಬೇಲಿ ಮಾಡುತ್ತಾರೆ. ಎಷ್ಟೋ ಸಲ ಬೇಲಿಯೇ ಬೇರು ಬಿಟ್ಟು ಚಿಗುರುತ್ತದೆ. ಫೀನಿಕ್ಸ್, ಟೂಸಾನ್ ಕಡೆ ಮನೆ ಕೊಂಡ ಕನ್ನಡಿಗರೇ, ಅಂಗಳದಲ್ಲಿ ಇಂಥ ಒಣಕೋಲು ಕಂಡರೆ ಕೀಳಿಸುವ ಮುನ್ನ ತೊಗಟೆಯ ಸೀಳುಗಳಲ್ಲಿ ಹಸಿರು ಗೆರೆ ಇದೆಯೇ ನೋಡಿ. ಇದ್ದರೆ ಒಂದು ಮಳೆಯ ತನಕ ವಾಯಿದೆ ಕೊಡಿ.